ಬ್ಯಾವೊವಿಯೆಝಾ ಗ್ಮಿನಾ: ಒಂದು ಅರಣ್ಯಗ್ರಾಮ ಮಂಡಲದ ಇತಿಹಾಸ ಮತ್ತು ಭೂವಿವರಣೆ

ಪೋಲೆಂಡ್ ದೇಶದ ಸ್ಥಳೀಯ ಆಡಳಿತದ ಮೂಲಘಟಕಕ್ಕೆ ‘ಗ್ಮಿನಾ’ ಎಂದು ಹೆಸರು. ಜರ್ಮನ್ ಮೂಲದಿಂದ ಬಂದ ಈ ಪದಕ್ಕೆ ಸಮುದಾಯವೆಂಬ ಅರ್ಥವಿದೆ. ಕೆಲವು ಗ್ರಾಮಗಳು ಸೇರಿ ಒಂದು ಗ್ರಾಮೀಣ ಗ್ಮಿನಾ ಆಗುತ್ತದೆ. ಅದಕ್ಕೊಂದು ಚುನಾಯಿತ ಸಭೆ, ಸಭೆಯ ನಿರ್ಣಯಗಳನ್ನು ಕಾರ್ಯಗತಗೊಳಿಸಲು ‘ವುಯ್ತ್’ ಎಂಬ ಮುಖ್ಯಾಧಿಕಾರಿ, ಒಂದೊಂದು ಗ್ರಾಮಕ್ಕೂ ‘ಸೊವ್ತಿಸ್’ ಎಂಬ ಮುಖಂಡ. ನಮ್ಮ ಗ್ರಾಮ ಪಂಚಾಯಿತಿಯ ವ್ಯವಸ್ಥೆಯೊಡನೆ ಇದನ್ನು ಸ್ಥೂಲವಾಗಿ ಹೋಲಿಸಬಹುದು. 1954ರಲ್ಲಿ ಸಮಾಜವಾದೀ ಸರ್ಕಾರವು ಗ್ಮಿನಾಗಳನ್ನು ರದ್ದುಗೊಳಿಸಿ ಇನ್ನೂ ಚಿಕ್ಕದಾದ ಘಟಕಗಳನ್ನು ಏರ್ಪಡಿಸಿತು. 1973ರಲ್ಲಿ ಅವು ಪುನಃ ಸ್ಥಾಪಿತವಾದುವು. 1990ರ ಮಾರ್ಚ್ ತಿಂಗಳ ಶಾಸನದಿಂದ ಅವಕ್ಕೆ ನಿಜವಾದ ಸ್ವಯಮಾಡಳಿತ ಲಭಿಸಿತು. ಈ ಕೊನೆಯ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ; ಪ್ರಸಕ್ತ ವಿಷಯದ ತಿರುಳು ಮುಂದೆ ಇದಕ್ಕೇ ಬಂದು ಸೇರುತ್ತದೆ.

ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿರುವುದು ಪೋಲೆಂಡಿನ ಈಶಾನ್ಯ ಭಾಗದ ಪೊಡ್ಲಾಸ್ಯೆ ಪ್ರಾಂತದಲ್ಲಿ, ಹೈನುಫ್ಕಾ ಜಿಲ್ಲೆಗೆ ಸೇರಿ, ಬೆಲಾರೂಸ್ ಗಡಿಗೆ ಒತ್ತಿಕೊಂಡಿರುವ ಬ್ಯಾವೊವಿಯೆಝಾ ಎಂಬ ಗ್ಮಿನಾ. ಇದರ ವಿಸ್ತೀರ್ಣ ಸುಮಾರು 200 ಚದರ ಕಿಲೋಮೀಟರ್. ಜನಸಂಖ್ಯೆಯಾದರೋ ಎರಡು ಸಾವಿರಕ್ಕಿಂತ ಅಷ್ಟೇನೂ ಹೆಚ್ಚಿಲ್ಲ. ನೆಲದ ಬಹುಭಾಗವೆಲ್ಲ ಕಾಡು. ಇಷ್ಟು ಚಿಕ್ಕ ಮಂಡಲದ ಹೆಸರು ಜಗತ್ತಿನ ಪ್ರಾಣಿಶಾಸ್ತ್ರಜ್ಞರಿಗೂ ಸಸ್ಯಶಾಸ್ತ್ರಜ್ಞರಿಗೂ ಈಚೆಗೆ ನ್ಯಾಯಶಾಸ್ತ್ರಜ್ಞರಿಗೂ ಪರಿಚಿತವಾಗಿರುವುದು ಆ ಕಾಡಿನಿಂದಲೇ. ಆದರೆ ಕಾಡಿನ ಚರಿತ್ರೆಯನ್ನು ಬರೆದವರು ಅಲ್ಲಿಯ ಜನರ ಚರಿತ್ರೆಯನ್ನು ಅಡಿಟಿಪ್ಪಣಿಯಾಗಿ ಮಾತ್ರ ಬರೆದಿರುವುದೇ ಹೆಚ್ಚು. ಅರಸರು, ಚಕ್ರವರ್ತಿಗಳು, ಸೇನಾಧಿಪತಿಗಳು, ವಿದ್ವಾಂಸರು, ಮಂತ್ರಿಗಳು ಇವರೆಲ್ಲ ಒಬ್ಬರಾದ ಮೇಲೊಬ್ಬರು ಈ ಕಾಡು ತಮ್ಮದೆಂದು ಹೇಳಿಕೊಂಡಿದ್ದಾರೆ. ಅದರೊಳಗೆ ವಾಸಿಸಿದವರಿಗೆ ಹಾಗೆ ಹೇಳುವ ಅಧಿಕಾರ ಎಂದಾದರೂ ಇದ್ದಿತೇ ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಈ ಮಂಡಲದ ಇತಿಹಾಸವನ್ನು ನೋಡಲು ಇಲ್ಲಿ ಯತ್ನಿಸಲಾಗಿದೆ.

ಮೊದಲು ನೆಲದ ಸ್ವರೂಪ. ಪ್ರಾಚೀನ ಹಿಮಯುಗದ ಹಿಮನದಿಗಳು ತಂದು ಹರಡಿದ ಮರಳು, ಜೇಡಿ, ಕಲ್ಲುಗುಂಡುಗಳ ಮೇಲೆ ರೂಪುಗೊಂಡ ಅಲೆಯಲೆಯಾದ ಬಯಲು ಇದು. ಸಮುದ್ರಮಟ್ಟದಿಂದ 150 ರಿಂದ 200 ಮೀಟರುಗಳ ಎತ್ತರದಲ್ಲಿದೆ. ಬೆಟ್ಟವೆಂದು ಕರೆಯುವಂಥದು ಯಾವುದೂ ಇಲ್ಲ. ಬೆಲಾರೂಸಿನ ಕಡೆ ಹುಟ್ಟಿದ ನಾರೆಫ್ಕಾ ಎಂಬ ಕಿರುಹೊಳೆ ಬ್ಯಾವೊವಿಯೆಝಾ ಗ್ರಾಮದ ಪಕ್ಕದಲ್ಲಿ ಹರಿದು ವಾಯವ್ಯಕ್ಕೆ ಸಾಗಿ ನಾರೆವ್ ನದಿಯನ್ನು ಸೇರುತ್ತದೆ; ಆ ನೀರು ಕೊನೆಗೆ ವಿಸ್ತುಲಾ ನದಿಯ ಮೂಲಕ ಬಾಲ್ಟಿಕ್ ಸಮುದ್ರಕ್ಕೆ ಹೋಗುತ್ತದೆ. ಈ ಜಲಮಾರ್ಗವೇ ಶತಮಾನಗಳ ಕಾಲ ಕಾಡಿಗೂ ಹೊರಜಗತ್ತಿಗೂ ಇದ್ದ ಹೆದ್ದಾರಿ. ಹವೆ ಖಂಡಾಂತರ ಸ್ವರೂಪದ್ದು: ಚಳಿಗಾಲ ದೀರ್ಘ, ವರ್ಷದಲ್ಲಿ ಸರಾಸರಿ ಮೂರು ತಿಂಗಳು ಹಿಮ ನೆಲವನ್ನು ಮುಚ್ಚಿರುತ್ತದೆ. ಜೇಡಿ ಬೆರೆತ ಫಲವತ್ತಾದ ನೆಲದಲ್ಲಿ ಓಕ್, ಲಿಂಡನ್, ಹಾರ್ನ್‌ಬೀಮ್ ಮರಗಳ ಮಿಶ್ರವನ, ಮರಳುನೆಲದಲ್ಲಿ ಪೈನ್, ಜೌಗಿನಲ್ಲಿ ಆಲ್ಡರ್, ಎಲ್ಲೆಡೆ ಬೆರೆತುಕೊಂಡು ಸ್ಪ್ರೂಸ್. ಪಶ್ಚಿಮ ಯೂರೋಪಿನ ಕಾಡುಗಳ ಪ್ರಧಾನ ವೃಕ್ಷವಾದ ಬೀಚ್ ಇಲ್ಲಿಗೆ ತಲುಪಿಯೇ ಇಲ್ಲ. ಬಿದ್ದ ಮರವನ್ನು ಬಿದ್ದಲ್ಲೇ ಬಿಡುವ ಭಾಗಗಳಲ್ಲಿ ಸತ್ತ ಕಾಂಡಗಳ ಮೇಲೆ ಶಿಲೀಂಧ್ರಗಳೂ ಕೀಟಗಳೂ ಅವನ್ನವಲಂಬಿಸಿದ ಮರಕುಟಿಗಗಳೂ ಇರುವ ಸಮೃದ್ಧಿ ಯೂರೋಪಿನ ಬಯಲುಸೀಮೆಯಲ್ಲಿ ಬೇರೆಲ್ಲೂ ಉಳಿದಿಲ್ಲವೆನ್ನಬಹುದು. ಇಡೀ ಅರಣ್ಯ ಸುಮಾರು 1,500 ಚದರ ಕಿಲೋಮೀಟರ್. ಅದರಲ್ಲಿ ಐದರಲ್ಲಿ ಎರಡು ಭಾಗದಷ್ಟು ಪೋಲೆಂಡಿಗೆ, ಉಳಿದುದು ಬೆಲಾರೂಸಿಗೆ ಸೇರಿದೆ. ಗ್ಮಿನಾದ ಗ್ರಾಮಗಳು (ಬ್ಯಾವೊವಿಯೆಝಾ, ತೆರೆಮಿಸ್ಕಿ, ಬುದಿ, ಪೊಗೊಝೆಲ್ತ್ಸೆ, ಗ್ರುದ್ಕಿ ಮೊದಲಾದುವು) ಈ ಕಾಡಿನ ನಡುವಣ ಬೋಳುಜಾಗಗಳಲ್ಲಿ ದ್ವೀಪಗಳಂತೆ ಇವೆ.

ಇದನ್ನು ‘ಆದಿಮ ಅರಣ್ಯ’ ಎಂದು ಕರೆಯುವ ವಾಡಿಕೆಯಿದೆ. ಮಾನವನ ಹಸ್ತಸ್ಪರ್ಶವಿಲ್ಲದ ಕಾಡು ಎಂಬ ಅರ್ಥದಲ್ಲಿ ಈ ಮಾತನ್ನು ಒಪ್ಪುವುದು ಕಷ್ಟ. ಕಾಡಿನೊಳಗೆ ಪ್ರಾಚೀನ ಸಮಾಧಿದಿಬ್ಬಗಳು ಹಲವೆಡೆ ಸಿಕ್ಕಿವೆ. ಮಧ್ಯಯುಗದಿಂದೀಚೆಗಂತೂ ಸುತ್ತಲಿನ ಜನರಿಗೆ ಕಾಡಿನಲ್ಲಿ ‘ಪ್ರವೇಶದ ಹಕ್ಕು’ಗಳಿದ್ದುವು: ಹೊಳೆದಂಡೆಯ ಹುಲ್ಲು ಕೊಯ್ಯುವುದು, ಮೀನು ಹಿಡಿಯುವುದು, ಜೇನು ತೆಗೆಯುವುದು. ಜೇನುಗಾರಿಕೆಯ ಕ್ರಮ ಗಮನಾರ್ಹವಾದುದು. ಬೆಳೆದು ನಿಂತ ಪೈನ್ ಮರದ ಕಾಂಡದಲ್ಲಿ, ಕರಡಿಗೆ ಸುಲಭವಾಗಿ ಎಟುಕದ ಎತ್ತರದಲ್ಲಿ, ಪೊಟರೆಯನ್ನು ಕೊರೆದು ಜೇನುಹುಳುಗಳಿಗೆ ಮನೆಮಾಡಿಕೊಡುತ್ತಿದ್ದರು. ಆ ಮರದ ಮೇಲಣ ಹಕ್ಕು ತಂದೆಯಿಂದ ಮಗನಿಗೆ ಬರುತ್ತಿತ್ತು. ಅಂಥ ಪೊಟರೆಯುಳ್ಳ ಹಳೆಯ ಮರಗಳು ಈಗಲೂ ಅಲ್ಲಲ್ಲಿ ನಿಂತಿವೆ. ಪೈನ್ ಕಾಂಡಗಳ ವಾರ್ಷಿಕ ವಲಯಗಳಲ್ಲಿ ಉಳಿದ ಸುಟ್ಟಗಾಯಗಳನ್ನು ಪರೀಕ್ಷಿಸಿದ ವಿದ್ವಾಂಸರು 17 ಮತ್ತು 18ನೆಯ ಶತಮಾನಗಳಲ್ಲಿ ಈ ಕಾಡಿಗೆ ಮೇಲಿಂದ ಮೇಲೆ ಬೆಂಕಿ ಬೀಳುತ್ತಿತ್ತೆಂದೂ 18ನೆಯ ಶತಮಾನದ ಕೊನೆಯ ವೇಳೆಗೆ ಅದು ನಿಂತಿತೆಂದೂ ತೋರಿಸಿದ್ದಾರೆ. ಅಂದರೆ ಇಂದು ನಾವು ಪ್ರಕೃತಿಯ ಕೃತಿಯೆಂದು ಬಗೆಯುವ ಪೈನ್ ವನಗಳ ಹಿಂದೆ ದನ ಮೇಯಿಸಿದವರ, ಜೇನು ತೆಗೆದವರ ಕೈಗಳೂ ಇವೆ.

ಕಾಡು ಇಷ್ಟು ಕಾಲ ಉಳಿದುದಕ್ಕೆ ಮುಖ್ಯ ಕಾರಣ ರಾಜಮೃಗಯೆ. ಲಿಥುವೇನಿಯಾದ ಮಹಾಸಂಸ್ಥಾನಕ್ಕೆ ಸೇರಿದ್ದ ಈ ಪ್ರದೇಶದಲ್ಲಿ 1409ರ ಚಳಿಗಾಲದಲ್ಲಿ ಪೋಲೆಂಡಿನ ಅರಸ ವ್ವಾದಿಸ್ವಾಫ್ ಯಾಗ್ಯೆವೊ ದೊಡ್ಡದೊಂದು ಬೇಟೆಯನ್ನು ನಡೆಸಿ, ಮಾಂಸಕ್ಕೆ ಉಪ್ಪು ಹಾಕಿಸಿ, ಪೀಪಾಯಿಗಳಲ್ಲಿ ತುಂಬಿ ನಾರೆವ್ ಮತ್ತು ವಿಸ್ತುಲಾ ನದಿಗಳ ಮೂಲಕ ಪ್ವೊತ್ಸ್ಕ್ ಪಟ್ಟಣಕ್ಕೆ ಕಳುಹಿಸಿದನೆಂದು ಚರಿತ್ರಕಾರ ದ್ವುಗೊಷ್ ತಿಳಿಸುತ್ತಾನೆ. ಮುಂದಿನ ಜುಲೈ 15ರಂದು ಗ್ರುನ್‌ವಾಲ್ಡಿನಲ್ಲಿ ಟ್ಯೂಟಾನಿಕ್ ಸೈನ್ಯದ ಮೇಲೆ ಜಯ ಗಳಿಸಿದ ಸೇನೆಗೆ ಈ ಕಾಡು ಉಗ್ರಾಣವಾಗಿತ್ತೆಂದಾಯಿತು. ‘ಬ್ಯಾವೊವಿಯೆಝಾ’ ಎಂದರೆ ಬಿಳಿಯ ಗೋಪುರ. ಅರಸರ ಬೇಟೆಯ ಬಿಡದಿಯೊಡನೆ ಈ ಹೆಸರನ್ನು ಸಂಬಂಧಿಸುವುದು ರೂಢಿ. 1559ರಲ್ಲಿ ಗ್ಝೆಗೊಷ್ ವೊವೊವಿಚ್ ಎಂಬ ಅಧಿಕಾರಿ ಸಂಸ್ಥಾನದ ಕಾಡುಗಳನ್ನೂ ಮೃಗಗಳ ಸಂಚಾರಮಾರ್ಗಗಳನ್ನೂ ಸರ್ವೇಕ್ಷಣೆ ಮಾಡಿ ಬರೆದ ದಾಖಲೆ ಈ ಸೀಮೆಯ ಚರಿತ್ರೆಗೆ ಬಹು ಮುಖ್ಯವಾದ ಆಧಾರ. ಯಾವ ಊರಿನವರಿಗೆ ಯಾವ ಹುಲ್ಲುಗಾವಲು, ಯಾವ ಹೊಳೆಯ ಮೀನು, ಎಷ್ಟು ಜೇನುಮರ ಎಂಬ ವಿವರ ಅದರಿಂದ ತಿಳಿಯುತ್ತದೆ.

ಅರಸರ ಬೇಟೆಗೆ ಕಾವಲುಗಾರರು ಬೇಕಷ್ಟೆ. ‘ಒಸೊಚ್ನಿಕ್’ ಎಂದು ಕರೆಯಲ್ಪಟ್ಟ ಈ ಕಾವಲುಗಾರರು ಕಾಡಿನ ಅಂಚಿನ ಮತ್ತು ಒಳಗಿನ ಊರುಗಳಲ್ಲಿ ನೆಲೆಸಿ, ಬೆಂಕಿಯನ್ನೂ ಕಳ್ಳಬೇಟೆಯನ್ನೂ ತಡೆಯುವುದು, ಬೇಟೆಯ ದಿನ ಮೃಗಗಳನ್ನು ಸೋಹುವುದು, ಚಳಿಗಾಲಕ್ಕೆ ಅವುಗಳಿಗೆ ಹುಲ್ಲು ಒಟ್ಟುವುದು ಮೊದಲಾದ ಕೆಲಸಗಳನ್ನು ಮಾಡುತ್ತಿದ್ದರು. ಪ್ರತಿಯಾಗಿ ಅವರಿಗೆ ಉಂಬಳಿಯ ನೆಲವೂ ಬಿಟ್ಟಿದುಡಿಮೆಯಿಂದ ವಿನಾಯಿತಿಯೂ ದೊರೆಯುತ್ತಿದ್ದುವು. ಪೂರ್ವ ಯೂರೋಪಿನ ಒಕ್ಕಲಿಗರೆಲ್ಲ ಜಹಗೀರುದಾರರ ನೊಗಕ್ಕೆ ಸಿಕ್ಕಿದ್ದ ಕಾಲದಲ್ಲಿ ಇದು ಸಣ್ಣ ಸ್ವಾತಂತ್ರ್ಯವಲ್ಲ. 18ನೆಯ ಶತಮಾನದ ಉತ್ತರಾರ್ಧದಲ್ಲಿ ಖಜಾನೆಯ ಅಧಿಕಾರಿ ಆಂತೊನಿ ತಿಝೆನ್‌ಹೌಸ್ ರಾಜಾದಾಯವನ್ನು ಹೆಚ್ಚಿಸುವ ಹಂಬಲದಿಂದ ಕಾಡನ್ನು ಕಾವಲು ವಿಭಾಗಗಳಾಗಿ ಪುನರ್ವಿಭಜಿಸಿ, ಹೊಳೆಗಳನ್ನು ಮರ ತೇಲಿಸುವುದಕ್ಕೆ ಯೋಗ್ಯವಾಗುವಂತೆ ಮಾಡಿಸಿದನು. ಇದ್ದಲು, ಟಾರು, ಪೊಟ್ಯಾಷ್ ತಯಾರಿಸುವ ಕೆಲಸಗಾರರು ಪಶ್ಚಿಮದ ಮಜೋವಿಯಾ ಸೀಮೆಯಿಂದ ಬಂದು ಗುಡಿಸಲು ಹಾಕಿಕೊಂಡರು. ‘ಬುದಿ’ ಎಂಬ ಗ್ರಾಮನಾಮದ ಅರ್ಥವೇ ಗುಡಿಸಲುಗಳು. ಹೀಗೆ ಪೂರ್ವ ಸ್ಲಾವ್ ಭಾಷೆಯನ್ನಾಡುವ ಸನಾತನ ಕ್ರೈಸ್ತರ ನಡುವೆ ಪೋಲಿಷ್ ಮಾತನಾಡುವ ಕ್ಯಾಥೊಲಿಕರ ಒಕ್ಕಲೂ ಸೇರಿತು. ಎರಡು ಪಂಥಗಳ ದೇವಾಲಯಗಳೂ ಇಂದು ಬ್ಯಾವೊವಿಯೆಝಾ ಗ್ರಾಮದಲ್ಲಿವೆ.

ಗ್ರಾಮದ ಕೊಳದ ಬಳಿ ಒಂದು ಕಲ್ಲಿನ ಸ್ತಂಭವಿದೆ. 1752ರ ಸೆಪ್ಟೆಂಬರ್ 27ರಂದು ಮೂರನೆಯ ಆಗಸ್ಟಸ್ ಅರಸನು ನಡೆಸಿದ ಬೇಟೆಯ ಸ್ಮಾರಕ ಅದು. ಆ ಒಂದು ದಿನ ಕೊಂದ 42 ಕಾಡೆತ್ತುಗಳ ಲೆಕ್ಕವನ್ನು ಪೋಲಿಷ್ ಮತ್ತು ಜರ್ಮನ್ ಭಾಷೆಗಳಲ್ಲಿ ಅದರ ಮೇಲೆ ಕೆತ್ತಲಾಗಿದೆ. ಮೃಗಗಳನ್ನು ದಿನಗಟ್ಟಲೆ ಸೋಹಿ ತಂದ ಊರಜನರ ಹೆಸರು ಅದರಲ್ಲಿಲ್ಲವೆಂಬುದನ್ನು ಹೇಳಬೇಕಾದುದಿಲ್ಲ.

1795ರಲ್ಲಿ ಪೋಲೆಂಡ್ ರಾಜ್ಯವು ನೆರೆಯ ಮೂರು ರಾಜ್ಯಗಳ ಪಾಲಾಗಿ ಅಳಿದುಹೋದಾಗ ಈ ಸೀಮೆ ರಷ್ಯಾದ ವಶವಾಯಿತು. ಎರಡನೆಯ ಕ್ಯಾಥರೀನ್ ರಾಣಿ ಕಾಡಿನ ಕೆಲವು ಭಾಗಗಳನ್ನು ತನ್ನ ಸೇನಾನಿಗಳಿಗೂ ಆಸ್ಥಾನಿಕರಿಗೂ ಹಂಚಿದಳು. ಕಾವಲುಗಾರರ ಹಳೆಯ ಸವಲತ್ತುಗಳು ನಷ್ಟವಾದುವು. ಕಾವಲು ತಪ್ಪಿದೊಡನೆ ಮೃಗಸಂಖ್ಯೆ ಕುಸಿಯಿತು. 1802ರಲ್ಲಿ ಒಂದನೆಯ ಅಲೆಕ್ಸಾಂಡರ್ ಕಾಡೆತ್ತಿನ ಬೇಟೆಯನ್ನು ನಿಷೇಧಿಸಿದುದು ಈ ಅನುಭವದಿಂದಲೇ. 1840ರ ದಶಕದಲ್ಲಿ ಅರಣ್ಯಾಧಿಕಾರಿಗಳು ಇಡೀ ಕಾಡನ್ನು ಒಂದು ವೆರ್ಸ್ಟ್, ಅಂದರೆ ಸುಮಾರು 1,067 ಮೀಟರ್, ಅಳತೆಯ ಚೌಕಗಳಾಗಿ ಸೀಳಿ ಅಂಕೆ ಕೊಟ್ಟರು. ಆ ಸೀಳುದಾರಿಗಳೂ ಅಂಕೆಗಳೂ ಇಂದಿಗೂ ಬಳಕೆಯಲ್ಲಿವೆ. ಅಳಿದುಹೋದ ಸಾಮ್ರಾಜ್ಯದ ಅಳತೆಗೋಲು ನೆಲದ ಮೇಲೆ ಇಷ್ಟು ಸ್ಫುಟವಾಗಿ ಉಳಿದಿರುವ ನಿದರ್ಶನಗಳು ವಿರಳ. 1888ರಲ್ಲಿ ಕಾಡು ರಾಜ್ಯದ ಸ್ವತ್ತಿನಿಂದ ಝಾರ್ ಮನೆತನದ ಖಾಸಗಿ ಸ್ವತ್ತಾಗಿ ಮಾರ್ಪಟ್ಟಿತು. 1889 ರಿಂದ 1894ರ ಅವಧಿಯಲ್ಲಿ ಮೂರನೆಯ ಅಲೆಕ್ಸಾಂಡರನ ಇಟ್ಟಿಗೆಯ ಬೇಟೆಯರಮನೆ ಎದ್ದಿತು, 1895ರಲ್ಲಿ ಪಿಂಗಾಣಿಯ ವಿಗ್ರಹಫಲಕವುಳ್ಳ ಸಂತ ನಿಕೋಲಾಸನ ದೇವಾಲಯ, 1897ರಲ್ಲಿ ರೈಲುಮಾರ್ಗ. ಜಿಂಕೆಗಳನ್ನು ಮಿತಿಮೀರಿ ಬೆಳೆಸಿದುದರಿಂದ ಎಳೆಯ ಸಸಿಗಳು ತಲೆಯೆತ್ತದಂತಾದುವು. ರಕ್ಷಣೆಯೆಂಬುದು ಆ ಕಾಲಕ್ಕೆ ಬೇಟೆಯ ಇನ್ನೊಂದು ಹೆಸರಾಗಿತ್ತು.

ಕಾಡೆತ್ತಿನ ವಿಷಯ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಪೋಲಿಷರು ‘ಝುಬ್ರ್’ ಎಂದು ಕರೆಯುವ ಯೂರೋಪಿನ ಬೈಸನ್ ನಮ್ಮ ಮಲೆನಾಡಿನ ಕಾಟಿಯ ದೂರದ ಬಂಧು. ಆದರೆ ಅದಕ್ಕಿರುವ ದಟ್ಟವಾದ ಕಂದುಜೂಲು ಕಾಟಿಗಿಲ್ಲ. 1857ರ ಗಣನೆಯಲ್ಲಿ ಸುಮಾರು 1,900ರಷ್ಟಿದ್ದ ಅವುಗಳ ಸಂಖ್ಯೆ ಮೊದಲನೆಯ ಮಹಾಯುದ್ಧದ ಹೊತ್ತಿಗೆ ಏಳುನೂರರ ಆಸುಪಾಸಿಗೆ ಇಳಿದಿತ್ತು. 1915ರ ಆಗಸ್ಟಿನಲ್ಲಿ ಜರ್ಮನ್ ಸೈನ್ಯ ಬಂದಿತು. ಹಸಿದ ಸೈನಿಕರೂ ಅವರ ಹಿಂದೆ ಕಳ್ಳಬೇಟೆಗಾರರೂ ಸೇರಿ, 1919ರ ವಸಂತದಲ್ಲಿ ಈ ಕಾಡಿನ ಕೊನೆಯ ಕಾಡೆತ್ತು ಸತ್ತಿತು. ಮೃಗಾಲಯಗಳಲ್ಲಿ ಮಾತ್ರ ಕೆಲವು ಉಳಿದಿದ್ದುವು. 1923ರಲ್ಲಿ ಪ್ಯಾರಿಸಿನ ಸಮ್ಮೇಳನದಲ್ಲಿ ಪೋಲಿಷ್ ಪ್ರಾಣಿಶಾಸ್ತ್ರಜ್ಞ ಯಾನ್ ಷ್ತೊಲ್ತ್ಸ್‌ಮನ್ ಅವುಗಳ ಉದ್ಧಾರಕ್ಕಾಗಿ ಮಾಡಿದ ಮನವಿಯ ಫಲವಾಗಿ ಅದೇ ವರ್ಷ ಒಂದು ಅಂತರರಾಷ್ಟ್ರೀಯ ಸಂಘ ಸ್ಥಾಪಿತವಾಯಿತು. 1929ರಲ್ಲಿ ಕಾಡೆತ್ತುಗಳು ಬ್ಯಾವೊವಿಯೆಝಾಕ್ಕೆ ಮರಳಿ ಬಂದುವು. 1952ರಲ್ಲಿ ಮೊದಲ ಬಾರಿಗೆ ಬೇಲಿಯ ಹೊರಗೆ ಬಿಡಲಾಯಿತು. ಇಂದು ಜಗತ್ತಿನಲ್ಲಿರುವ ಈ ಜಾತಿಯ ಪ್ರಾಣಿಗಳೆಲ್ಲ ಕೇವಲ ಹನ್ನೆರಡು ಮೂಲಜೀವಿಗಳ ಸಂತತಿ; ಬಯಲುಸೀಮೆಯ ಶುದ್ಧ ತಳಿಗೆ ಮೂಲ ಏಳೇ.

ಕಾಡೆತ್ತಿನ ನಾಶ ಮತ್ತು ಪುನರಾಗಮನವನ್ನು ಎಲ್ಲ ಗ್ರಂಥಗಳೂ ವಿವರಿಸುತ್ತವೆ. ಅದೇ 1915ರಲ್ಲಿ ಈ ಊರುಗಳ ಮನುಷ್ಯರಿಗೆ ಸಂಭವಿಸಿದುದು ಅಷ್ಟಾಗಿ ಪ್ರಸಿದ್ಧವಲ್ಲ. ಹಿಮ್ಮೆಟ್ಟುತ್ತಿದ್ದ ರಷ್ಯನ್ ಸೈನ್ಯ ಶತ್ರುವಿಗೆ ಏನೂ ಸಿಕ್ಕಬಾರದೆಂದು ಜನರನ್ನು ಪೂರ್ವಕ್ಕೆ ಹೊರಡಿಸಿತು. ಸನಾತನ ಕ್ರೈಸ್ತ ಒಕ್ಕಲುಗಳು ಹಳ್ಳಿಗೆ ಹಳ್ಳಿಯೇ ಬಂಡಿ ಕಟ್ಟಿ ರಷ್ಯಾದ ಒಳನಾಡಿಗೆ ಹೋದುವು. ದಾರಿಯಲ್ಲಿ ಹಸಿವು ರೋಗಗಳಿಂದ ಸತ್ತವರು ಅಸಂಖ್ಯ. ಉಳಿದವರು ಕ್ರಾಂತಿಯನ್ನೂ ಅಂತರ್ಯುದ್ಧವನ್ನೂ ಕಂಡು, ಬಹುಮಟ್ಟಿಗೆ 1921ರ ಶಾಂತಿಯ ಅನಂತರ ಮರಳಿದಾಗ, ರಾಜ್ಯ ಬೇರೆಯಾಗಿತ್ತು, ಆಡಳಿತಭಾಷೆ ಬೇರೆಯಾಗಿತ್ತು, ಕಾಡಿನ ಒಂದು ಪಾಲು ಬೋಳಾಗಿತ್ತು. ‘ಓಡಿಹೋದ ಕಾಲ’ ಎಂಬ ಅರ್ಥದ ‘ಬ್ಯೆಝೆನ್‌ಸ್ತ್ವೊ’ ಎಂಬ ಮಾತು ಈ ಸೀಮೆಯ ವೃದ್ಧರ ಬಾಯಲ್ಲಿ ಬಹು ದಿನ ಉಳಿಯಿತು. ಮೃಗಗಳ ಮರಳುವಿಕೆಗೆ ಅಂತರರಾಷ್ಟ್ರೀಯ ಸಂಘ ಹುಟ್ಟಿತು; ಮನುಷ್ಯರು ತಾವಾಗಿ ನಡೆದು ಬಂದರು.

ಜರ್ಮನರು ಕಾಡಿನಲ್ಲಿ ಸುಮಾರು ಮುನ್ನೂರು ಕಿಲೋಮೀಟರುಗಳಷ್ಟು ಕಿರುರೈಲು ಹಾಸಿ, ಗರಗಸದ ಕಾರ್ಖಾನೆಗಳನ್ನು ಸ್ಥಾಪಿಸಿ, ನಾಲ್ಕು ವರ್ಷಗಳೊಳಗೆ ಲಕ್ಷಾಂತರ ಘನಮೀಟರ್ ಮರವನ್ನು ಸಾಗಿಸಿದರು. ನೆರೆಯ ಹೈನುಫ್ಕಾ ಪಟ್ಟಣ ಬೆಳೆದುದು ಈ ಗರಗಸಗಳ ಸುತ್ತಲೇ. ಸ್ವತಂತ್ರ ಪೋಲೆಂಡ್ ಸರ್ಕಾರವೂ 1924ರಲ್ಲಿ ಒಂದು ಇಂಗ್ಲಿಷ್ ಕಂಪನಿಗೆ ಮರ ಕಡಿಯುವ ಗುತ್ತಿಗೆಯನ್ನು ಕೊಟ್ಟಿತು. ಅದರ ಕ್ರಮ ಅಷ್ಟು ವಿಧ್ವಂಸಕವಾಗಿದ್ದಿತಾಗಿ 1929ರಲ್ಲಿ ಗುತ್ತಿಗೆ ರದ್ದಾಯಿತು. ಇದೇ ಕಾಲದಲ್ಲಿ ಸಸ್ಯಶಾಸ್ತ್ರಜ್ಞ ವ್ವಾದಿಸ್ವಾಫ್ ಷಾಫೆರ್ ಮುಂತಾದವರ ಆಗ್ರಹದಿಂದ 1921ರಲ್ಲಿ ಕಾಡಿನ ನಟ್ಟನಡುವಣ ಭಾಗವನ್ನು ಮೀಸಲಿಡಲಾಯಿತು. 1932ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಒಂದೇ ಸರ್ಕಾರದ ಒಂದು ಕೈ ಕಡಿಯುತ್ತಿರಲು ಇನ್ನೊಂದು ಕೈ ಕಾಯುತ್ತಿದ್ದ ಈ ವಿರೋಧಾಭಾಸ ಇಲ್ಲಿಂದ ಮುಂದಕ್ಕೂ ತಪ್ಪಲಿಲ್ಲ.

ಎರಡನೆಯ ಮಹಾಯುದ್ಧದ ಸಂಗತಿಗಳನ್ನು ಸಂಗ್ರಹವಾಗಿ ಹೇಳಬಹುದು; ಹೇಳಲು ಸುಲಭವೆಂದಲ್ಲ. 1939ರಲ್ಲಿ ಸೋವಿಯತ್ ಸೈನ್ಯ ಬಂದಿತು. 1940ರ ಫೆಬ್ರವರಿಯಲ್ಲಿ ಪೋಲಿಷ್ ಅರಣ್ಯನೌಕರರ ಸಂಸಾರಗಳನ್ನು ದೂರದ ಉತ್ತರಕ್ಕೂ ಸೈಬೀರಿಯಕ್ಕೂ ಗಡಿಪಾರು ಮಾಡಲಾಯಿತು. 1941ರ ಜೂನಿನಲ್ಲಿ ಜರ್ಮನರು ಬಂದರು. ಗೋರಿಂಗನ ಬೇಟೆಗೆ ಕಾಡನ್ನು ನಿರ್ಜನಗೊಳಿಸಬೇಕೆಂದು ಹಳ್ಳಿಗಳನ್ನು ಸುಟ್ಟು ನಿವಾಸಿಗಳನ್ನು ಓಡಿಸಲಾಯಿತು. ತೆರೆಮಿಸ್ಕಿ, ಬುದಿ, ಪೊಗೊಝೆಲ್ತ್ಸೆ ಗ್ರಾಮಗಳಿಗೂ ಈ ಗತಿ ತಪ್ಪಲಿಲ್ಲ. ಬ್ಯಾವೊವಿಯೆಝಾದ ಯೆಹೂದಿ ಪುರುಷರನ್ನು ಅದೇ ಆಗಸ್ಟಿನಲ್ಲಿ ಗುಂಡಿಕ್ಕಿ ಕೊಲ್ಲಲಾಯಿತು. ಆ ಸಮುದಾಯ ಗ್ರಾಮದಲ್ಲಿ ಪುನಃ ತಲೆಯೆತ್ತಲಿಲ್ಲ. 1944ರಲ್ಲಿ ಹಿಮ್ಮೆಟ್ಟುವಾಗ ಜರ್ಮನರು ಅರಮನೆಗೆ ಬೆಂಕಿಯಿಟ್ಟರು. ಅದರ ಅವಶೇಷವನ್ನು ಯುದ್ಧಾನಂತರ ಕೆಡವಲಾಯಿತು. ಯುದ್ಧ ಮುಗಿದಾಗ ಎಳೆದ ಗಡಿರೇಖೆ ಕಾಡನ್ನು ಎರಡು ರಾಜ್ಯಗಳಿಗೆ ಸೀಳಿತು.

ಅಲ್ಲಿಂದೀಚಿನ ನಾಲ್ಕು ದಶಕಗಳಲ್ಲಿ ಗ್ರಾಮ ವಿದ್ಯಾಕೇಂದ್ರವಾಯಿತು. 1952ರಲ್ಲಿ ಸ್ಥಾಪಿತವಾದ ಸಸ್ತನಿ ಸಂಶೋಧನ ಸಂಸ್ಥೆಯ ಹಿಂದಿದ್ದ ಆಗಸ್ಟ್ ದೇನೆಲ್ ಎಂಬ ವಿದ್ವಾಂಸನು, ಮೂಗಿಲಿಯ ತಲೆಬುರುಡೆ ಚಳಿಗಾಲದಲ್ಲಿ ಕುಗ್ಗಿ ವಸಂತದಲ್ಲಿ ಪುನಃ ಹಿಗ್ಗುತ್ತದೆಂಬುದನ್ನು 1949ರಲ್ಲಿ ಪ್ರಕಟಿಸಿದನು. ಪ್ರಾಣಿಶಾಸ್ತ್ರದಲ್ಲಿ ಅದು ಅವನ ಹೆಸರಿನಿಂದಲೇ ಪ್ರಸಿದ್ಧವಾಗಿದೆ. 1979ರಲ್ಲಿ ಯುನೆಸ್ಕೊ ಸಂಸ್ಥೆ ಉದ್ಯಾನವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಎರಡು ವರ್ಷಗಳ ಅನಂತರ ಸೋವಿಯತ್ ಒಕ್ಕೂಟ ತನ್ನ ಕಡೆ ಗಡಿಯುದ್ದಕ್ಕೂ ಬೇಲಿ ಹಾಕಿ ಕಾಡೆತ್ತಿನ ಹಿಂಡುಗಳನ್ನು ಎರಡಾಗಿ ಬೇರ್ಪಡಿಸಿತು. ಆ ಬೇಲಿಯಾಚೆ, ವಿಸ್ಕುಲಿ ಎಂಬ ಅರಣ್ಯದ ಬಿಡದಿಯಲ್ಲಿ, 1991ರ ಡಿಸೆಂಬರ್ 8ರಂದು ರಷ್ಯಾ, ಉಕ್ರೇನ್, ಬೆಲಾರೂಸುಗಳ ನಾಯಕರು ಸಹಿ ಮಾಡಿದ ಒಪ್ಪಂದದಿಂದ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಬೇಲಿ ಮಾತ್ರ ಉಳಿಯಿತು.

ಈಗ ಮೊದಲು ಸೂಚಿಸಿದ ವಿಷಯಕ್ಕೆ ಬರಬಹುದು. 1996ರಲ್ಲಿ ಉದ್ಯಾನದ ವಿಸ್ತೀರ್ಣವನ್ನು ಸುಮಾರು ಇಮ್ಮಡಿ ಮಾಡಿ 10,500 ಹೆಕ್ಟೇರುಗಳಿಗೆ ಏರಿಸಲಾಯಿತು. ಪೋಲಿಷ್ ಭಾಗದ ಇಡೀ ಕಾಡನ್ನು ಉದ್ಯಾನವಾಗಿಸಬೇಕೆಂದು ವಿಜ್ಞಾನಿಗಳು ಒತ್ತಾಯಿಸಿದರು. ಆದರೆ 2000ದ ಡಿಸೆಂಬರಿನ ಶಾಸನ ತಿದ್ದುಪಡಿಯು, ಉದ್ಯಾನವನ್ನು ಸ್ಥಾಪಿಸಲಾಗಲಿ ವಿಸ್ತರಿಸಲಾಗಲಿ ಸ್ಥಳೀಯ ಸಭೆಗಳ ಒಪ್ಪಿಗೆ ಅವಶ್ಯವೆಂದು ವಿಧಿಸಿತು. ಶತಮಾನಗಳಲ್ಲಿ ಮೊತ್ತಮೊದಲ ಬಾರಿಗೆ ಕಾಡಿನ ವಿಷಯದಲ್ಲಿ ಗ್ರಾಮದ ಮಾತಿಗೆ ಕಾನೂನಿನ ಬಲ ಬಂದಿತು. ಆ ಬಲದಿಂದ ಗ್ರಾಮಸಭೆಗಳು ಹೇಳಿದ ಮಾತು ‘ಬೇಡ’ ಎಂಬುದು.

ಹೊರಗಿನವರು ಇದನ್ನು ಅಜ್ಞಾನವೆಂದೋ ಮರದ ವ್ಯಾಪಾರಿಗಳ ಪ್ರಭಾವವೆಂದೋ ವ್ಯಾಖ್ಯಾನಿಸಿದ್ದಾರೆ. ಇಷ್ಟರಿಂದಲೇ ವಿಷಯ ತೀರುವುದಿಲ್ಲ. ಉದ್ಯಾನದೊಳಗಣ ಕಾಡಿಗೆ ಗ್ಮಿನಾಕ್ಕೆ ಸಲ್ಲುವ ಅರಣ್ಯತೆರಿಗೆ ಅರ್ಧದಷ್ಟು ಮಾತ್ರ; ಚಳಿಗಾಲದ ಸೌದೆಯ ಚಿಂತೆ ಇದೆ; ಅಣಬೆ, ಹಣ್ಣು ಆಯುವುದಕ್ಕೆ ಅಡ್ಡಿಯಾದೀತೆಂಬ ಭಯವಿದೆ. ಇದಕ್ಕೂ ಮಿಗಿಲಾಗಿ, ‘ರಕ್ಷಣೆ’ ಎಂಬ ಶಬ್ದವನ್ನು ಈ ಜನ ಅರಸರಿಂದಲೂ ಝಾರನಿಂದಲೂ ಗೋರಿಂಗನಿಂದಲೂ ಕೇಳಿದವರು. ಪ್ರತಿಸಾರಿಯೂ ಅದರ ವೆಚ್ಚವನ್ನು ತೆತ್ತವರು ತಾವು ಎಂಬ ನೆನಪು ಅವರಲ್ಲಿ ಹಸಿಯಾಗಿದೆ. ಹಾಗೆಂದು ಅವರ ಪಕ್ಷದವರು ಹೇಳುವುದೆಲ್ಲ ಸತ್ಯವೆಂದೂ ಅಲ್ಲ. ‘ಈ ಕಾಡನ್ನು ನಮ್ಮ ಅಜ್ಜಂದಿರು ನೆಟ್ಟರು’ ಎಂಬ ಮಾತು ಯುದ್ಧಾನಂತರದ ನೆಡುತೋಪುಗಳಿಗೆ ಸಲ್ಲುತ್ತದೆ. ಎಂದೂ ಸಂಪೂರ್ಣವಾಗಿ ಕಡಿಯದಿದ್ದ ಒಳಭಾಗಗಳಿಗೆ ಸಲ್ಲದು. ಅಜ್ಜಂದಿರು ಕಾದರು, ಜೇನು ತೆಗೆದರು, ಹುಲ್ಲು ಕೊಯ್ದರು ಎಂಬುದೇ ಹೆಚ್ಚು ನಿಜ, ಮತ್ತು ನಮ್ಮ ಅಭಿಪ್ರಾಯದಲ್ಲಿ ಹೆಚ್ಚು ಬಲವಾದ ವಾದ.

ಸ್ಪ್ರೂಸ್ ಮರಗಳಿಗೆ ತೊಗಟೆಹುಳುವಿನ ಬಾಧೆ ತಗುಲಿದಾಗ ಈ ವಿವಾದ ಉಲ್ಬಣಿಸಿತು. 2016ರ ಮಾರ್ಚಿನಲ್ಲಿ ಪರಿಸರ ಮಂತ್ರಿ ಯಾನ್ ಷಿಷ್ಕೊ ಬ್ಯಾವೊವಿಯೆಝಾ ಅರಣ್ಯವಿಭಾಗದಲ್ಲಿ ಹತ್ತು ವರ್ಷಗಳ ಅವಧಿಗೆ ಕಡಿಯಬಹುದಾದ ಮರದ ಪ್ರಮಾಣವನ್ನು ಸುಮಾರು 63,000 ದಿಂದ 188,000 ಘನಮೀಟರುಗಳಿಗೆ ಏರಿಸಲು ಸಮ್ಮತಿಸಿದರು. ಹುಳು ಹಿಡಿದ ಮರವನ್ನು ತೆಗೆಯದಿದ್ದರೆ ಕಾಡೇ ಉಳಿಯದೆಂದು ಅರಣ್ಯಾಧಿಕಾರಿಗಳೂ, ಸತ್ತ ಮರವೇ ಈ ಕಾಡಿನ ಜೀವಾಳವೆಂದು ವಿಜ್ಞಾನಿಗಳೂ ವಾದಿಸಿದರು. ಯೂರೋಪಿಯನ್ ಒಕ್ಕೂಟದ ನ್ಯಾಯಾಲಯ 2017ರಲ್ಲಿ ತಡೆಯಾಜ್ಞೆ ಕೊಟ್ಟು, ಉಲ್ಲಂಘಿಸಿದರೆ ದಿನವೊಂದಕ್ಕೆ ಕನಿಷ್ಠ ಒಂದು ಲಕ್ಷ ಯೂರೊ ದಂಡವೆಂದು ಎಚ್ಚರಿಸಿತು. 2018ರ ಏಪ್ರಿಲ್ 17ರಂದು ಪೋಲೆಂಡ್ ನಿಯಮಭಂಗ ಮಾಡಿದೆಯೆಂದು ತೀರ್ಪಿತ್ತಿತು. ತೀರ್ಪು ಶಾಸ್ತ್ರದೃಷ್ಟಿಯಿಂದ ಸಾಧುವೆಂದೇ ತೋರುತ್ತದೆ. ಆದರೆ ಆ ವಿಚಾರಣೆಯಲ್ಲಿ ಪಕ್ಷಗಾರರಾಗಿದ್ದವರು ಒಂದು ರಾಜ್ಯ, ಒಂದು ಆಯೋಗ; ಗ್ಮಿನಾ ಅಲ್ಲಿಯೂ ಇರಲಿಲ್ಲ.

2021ರ ಬೇಸಗೆಯಿಂದ ಬೆಲಾರೂಸಿನ ಮೂಲಕ ಬಂದ ವಲಸಿಗರು ಈ ಕಾಡಿನ ಜೌಗಿನಲ್ಲಿ ದಾರಿ ಹುಡುಕತೊಡಗಿದರು. ಚಳಿಯಿಂದ ಹಲವರು ಸತ್ತರು. ಸೆಪ್ಟೆಂಬರಿನಲ್ಲಿ ಸರ್ಕಾರ ಗಡಿಯ 183 ಊರುಗಳಲ್ಲಿ ತುರ್ತುಪರಿಸ್ಥಿತಿಯನ್ನು ಘೋಷಿಸಿದಾಗ ಬ್ಯಾವೊವಿಯೆಝಾವೂ ಅದರೊಳಗೆ ಸೇರಿತು. ಹೊರಗಿನವರಿಗೆ ಪ್ರವೇಶವಿಲ್ಲದಾಗಿ, ಪ್ರವಾಸಿಗಳನ್ನೇ ನಂಬಿದ್ದ ವಸತಿಗೃಹಗಳು ತಿಂಗಳುಗಟ್ಟಲೆ ಬಾಗಿಲು ಮುಚ್ಚಿದುವು. ಕೆಲವು ಮನೆಗಳವರು ಕಾಡಿಗೆ ಬಿಸಿ ಸಾರು, ಕಂಬಳಿ ಒಯ್ದರು. ಇನ್ನು ಕೆಲವರು ಗಡಿಸೈನಿಕರಿಗೆ ಚಹಾ ಕಾಯಿಸಿಕೊಟ್ಟರು. 2022ರಲ್ಲಿ ಗಡಿಯ 186 ಕಿಲೋಮೀಟರ್ ಉದ್ದಕ್ಕೆ ಐದೂವರೆ ಮೀಟರ್ ಎತ್ತರದ ಉಕ್ಕಿನ ತಡೆಗೋಡೆ ಎದ್ದಿತು; ಅದರ ಒಂದು ಭಾಗ ಈ ಗ್ಮಿನಾದ ಪೂರ್ವದಂಚಿನಲ್ಲಿ, 1840ರ ದಶಕದ ಚೌಕಗಳನ್ನು ಅಡ್ಡಕ್ಕೆ ಕತ್ತರಿಸಿಕೊಂಡು, ನಾರೆಫ್ಕಾ ಹೊಳೆ ಒಳಬರುವ ಕಡೆಯಲ್ಲಿ ಹಾದುಹೋಗುತ್ತದೆ.